ಬಾಯಿ ಬಿಡಿ

ದಿನಕ್ಕೆ ಎಷ್ಟು ಸಲ ಹೇಳುತ್ತೇನೋ, ಬಾಯಿ ಬಿಡಿ ಎಂದು.
ನಮ್ಮನೆಯಲ್ಲಿ ಈ ಮಾತಿಗೆ ಅರ್ಥ ಬೇರೆ:
ಅಕ್ಕನನ್ನು ಪಡಸಾಲೆಯಲ್ಲಿ ನಿಲ್ಲಿಸಿ ಅಪ್ಪ
ಬಾಯಿ ಬಿಡು ಅಂದಾಗ
ಅವಳು ತುಟಿ ಎರಡು ಮಾಡಲಿಲ್ಲ.
ಇಲ್ಲಿ ಹಾಗಲ್ಲ.
ಹನ್ನೊಂದನೇ ಕುರ್ಚಿಯ ಪೆಡಲು ಒತ್ತಿದರೆ ಸಾಕು,
ದಾವಣಗೆರೆ ಅಂಗಾತ ಮಲಗಿ
ಕಣ್ಣು ಮುಚ್ಚಿ ಬಾಯಿ ತೆರೆಯುತ್ತದೆ.

ಮೊದಲ ದಿನ ಸಿಕ್ಕವರು ಮಂಡಕ್ಕಿ ಭಟ್ಟಿಯ ದಾದಾಪೀರ್ ಚಾಚಾ.
ಹುಬ್ಬಿನಲ್ಲಿ ಮಸಿ, ಅಂಗಿಯಲ್ಲಿ ಹುರಿದಕ್ಕಿಯ ವಾಸನೆ,
ಕೆಳಗಿನ ಆರು ಹಲ್ಲಿನ ಹಿಂದೆ
ಗಾರೆ ಹಾಕಿ ಕಟ್ಟಿದಂಥ ಒಂದೇ ಗೋಡೆ.
ನನ್ನ ಕೈ ನಡುಗುವುದು ನನಗಿಂತ ಮೊದಲು
ಪುಟ್ಟ ಕನ್ನಡಿಗೆ ಗೊತ್ತಾಯಿತು,
ಅವರ ಹಲ್ಲಿಗೆ ತಾಗಿ ಟಿಕ್ ಟಿಕ್ ಅಂದಿತು.
"ಕೆರಿ ಬೇಟಾ, ದಿನಾ ಬೆಂಕಿ ಮುಂದೆ ಕೂರೋನು ನಾನು."
ಹಾಗಂದವರು, ಸ್ಕೇಲರ್ ಕಿರ್ರೆಂದದ್ದೇ ತಡ,
ಕುರ್ಚಿಯ ತೋಳನ್ನು ಎರಡೂ ಕೈಯಲ್ಲಿ ಅವುಚಿಕೊಂಡರು.
ಮುಕ್ಕಾಲು ಗಂಟೆ. ಗೋಡೆ ಚೂರುಚೂರಾಗಿ
ರಕ್ತದ ಜೊತೆ ಬೋಗುಣಿಗೆ ಇಳಿಯಿತು.
ಎದ್ದು ನಾಲಿಗೆ ಆಡಿಸಿ ನೋಡಿಕೊಂಡು ಗಾಬರಿಬಿದ್ದರು:
"ಸಂದಿ ಬಿದ್ದೈತಲ್ಲಮ್ಮ! ಇಲ್ಲೇನೋ ಇತ್ತು."
ಇದ್ದದ್ದು ನಿಮ್ಮದಲ್ಲ ಚಾಚಾ, ಎಂದು
ಹೇಗೆ ಹೇಳುವುದೋ
ಪುಸ್ತಕದಲ್ಲಿ ಬರೆದಿರಲಿಲ್ಲ.

ಬಾಯಲ್ಲಿ ಕೈಯಿಟ್ಟುಕೊಂಡೇ ನಾವು ಮಾತಿಗೆಳೆಯುತ್ತೇವೆ:
ಯಾವೂರು? ತಿಂಡಿ ಆಯ್ತಾ? ಮಕ್ಕಳೆಷ್ಟು?
ಅವರು ಬರೀ ಸ್ವರಗಳಲ್ಲಿ ಉತ್ತರಿಸುತ್ತಾರೆ,
ವ್ಯಂಜನಕ್ಕೆ ಜಾಗವಿಲ್ಲ.
ಆ ಅಂದರೆ ಹೌದು.
ಆಂ ಅಂದರೆ ನೋವು.
ಊಂ ಎಂದು ಎಳೆದರೆ, ಇದ್ದೊಬ್ಬ ಮಗ ಹೋದ ಎಂದು.
ಅದು ನನಗೆ ತಿಳಿದದ್ದು ಆಮೇಲೆ,
ಅವರು ಮುಕ್ಕಳಿಸಿ ಉಗುಳಿ, ಮುಖ ಒರೆಸಿಕೊಂಡ ಮೇಲೆ.

ಜಗಳೂರು ಕಡೆಯ ಚೌಡೇಶ್ವರಿ, ಪಿಯುಸಿ,
ಅಂಗೈಯನ್ನೇ ಸೆರಗು ಮಾಡಿಕೊಂಡು ನಗುವವಳು.
ಹಲ್ಲಿನ ಮೇಲೆ ಚಹಾ ಚೆಲ್ಲಿ ಒಣಗಿದಂತೆ ಕಂದು.
"ಎಷ್ಟು ನೋವಾದ್ರೂ ಸರಿ, ಉಜ್ಜಕ್ಕ."
ಉಜ್ಜಿದೆ.
ಕಲೆ ಹಲ್ಲಿನ ಮೇಲಿರಲಿಲ್ಲ, ಒಳಗಿತ್ತು;
ಅವಳು ಅಂಬೆಗಾಲಿಡುವಾಗಲೇ
ಬೋರಿನ ನೀರು ಬರೆದಿಟ್ಟದ್ದು.
ನಾನು ಕೆರೆಯಬಲ್ಲದ್ದು ನಿನ್ನೆ ಮೊನ್ನೆಯದನ್ನು ಮಾತ್ರ.
ಬ್ರಷ್ ಹೀಗೆ ಹಿಡಿ, ಹೀಗೆ ತಿರುಗಿಸು ಎಂದು
ಪ್ಲಾಸ್ಟಿಕ್ ದವಡೆಯ ಮೇಲೆ ತೋರಿಸುತ್ತಿದ್ದೆ.
ಅವಳು ಬ್ರಷ್ ನೋಡಲಿಲ್ಲ,
ಆ ದವಡೆಯ ಬಿಳುಪನ್ನೇ ನೋಡುತ್ತಿದ್ದಳು.

ಪರೀಕ್ಷೆಗೆ ಮುಂಚೆ ಲಾಗ್‌ಬುಕ್ಕಿನಲ್ಲಿ ಅರವತ್ತು ಬಾಯಿ ತುಂಬಬೇಕು.
ಐವತ್ತೆಂಟಕ್ಕೆ ನಿಂತಿತ್ತು.
ಬೆಣ್ಣೆ ದೋಸೆಯ ಆಸೆ ಹಚ್ಚಿ
ಹಾಸ್ಟೆಲಿನ ಅಡುಗೆಯ ಹಾಲಮ್ಮನನ್ನು ಕರೆತಂದೆ.
ಎರಡು ವರ್ಷ ನನಗೆ ಮುದ್ದೆ ಬಡಿಸಿದವಳ
ಬಾಯೊಳಗೆ ಮೊದಲ ಸಲ ಇಣುಕಿದೆ:
ಎಡಗೆನ್ನೆಯ ಮೂಲೆ, ಕಡ್ಡಿಪುಡಿ ಕೂರುವ ಜಾಗ,
ಸುಣ್ಣ ತಾಗಿದಂತೆ ಒಂದು ಬಿಳಿ ಮಚ್ಚೆ.
ಹತ್ತಿಯಲ್ಲಿ ಒರೆಸಿದೆ. ಹೋಗಲಿಲ್ಲ.
ಮತ್ತೆ ಒರೆಸಿದೆ.
"ಮುಗೀತೇನೇ? ದೋಸಿ ಅಂಗಡಿ ಬಾಗ್ಲ ಹಾಕ್ತಾರೆ."

ಉಮಾಪತಿ ಸರ್ ಬಂದರು, ಬೆರಳಲ್ಲಿ ಒತ್ತಿ ನೋಡಿದರು,
ನನ್ನ ಕಡೆ ನೋಡಲಿಲ್ಲ.
ಹಳದಿ ಚೀಟಿ ಬರೆದು, ಸೋಮವಾರ ಮೇಲಿನ ಮಹಡಿಗೆ ಅಂದರು.
ಲಾಗ್‌ಬುಕ್ಕಿಗೆ ಸಹಿ ಹಾಕಿದರು.
ಐವತ್ತೊಂಬತ್ತು.

ಹೋಟೆಲಿನಲ್ಲಿ ಅವಳು ಬೆಣ್ಣೆಯನ್ನು ಬೆರಳಲ್ಲಿ ಬಾಚಿ
ನನ್ನ ತಟ್ಟೆಗೆ ಹಾಕಿದಳು, ನೀನು ಬಡಕಲಾಗೀಯ ಎಂದು.
ಚೀಟಿಯನ್ನು ಮಡಿಚಿ ಎಲೆಯಡಿಕೆಯ ಚೀಲದೊಳಗೆ,
ಕಡ್ಡಿಪುಡಿಯ ಪಕ್ಕದಲ್ಲೇ ಇಟ್ಟುಕೊಂಡಿದ್ದಳು.
"ಏನ್ ಬರದಾರೆ ಅದ್ರಾಗೆ?
ಕಲ್ಲು ನುಂಗಿದಂಗೆ ಕುಂತೀಯಲ್ಲ,
ಬಾಯಿ ಬಿಡೇ ಹುಡುಗಿ."

ನನ್ನ ಬಾಯಲ್ಲಿ ದೋಸೆಯ ತುಣುಕು.

ಊಂ, ಎಂದೆ.